ಮುನಿಗಂಗಮ್ಮ ಬಾಯಿ ಬಿಗಿಹಿಡಿದ ಬೆಳೆ

ಮುನಿಗಂಗಮ್ಮನ ಹುಳುಮನೆಯೊಳಗೆ ಕಾಲಿಡುವುದಕ್ಕಿಂತ ವಿಧಾನಸೌಧದೊಳಗೆ ಕಾಲಿಡುವುದು ಸಲೀಸು ಎಂದು ಊರಿನವರು ನಗಾಡುತ್ತಾರೆ. ಶಿಡ್ಲಘಟ್ಟದಿಂದ ಬಸ್ಸು ಹತ್ತಿದರೆ ಬೇಗನೆ ಸಿಗುವ ಊರು. ರೇಷ್ಮೆ ಹುಳು ಸಾಕದ ಮನೆ ಅಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಎಲ್ಲರ ಹುಳುಮನೆಗೂ ಒಂದಿಷ್ಟು ಕಟ್ಟುನಿಟ್ಟು ಇದ್ದೇ ಇದೆ. ಚಪ್ಪಲಿ ಆಚೆ ಬಿಡಬೇಕು, ಹೊಸ್ತಿಲಲ್ಲಿ ಹಾಸಿದ ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ತುಳಿದೇ ಒಳಗೆ ಹೋಗಬೇಕು, ಬೋಗುಣಿಯಲ್ಲಿ ಕೈ ತೊಳೆದೇ ಹಿಪ್ಪುನೇರಳೆ ಸೊಪ್ಪು ಮುಟ್ಟಬೇಕು. ಹುಳಕ್ಕೆ ರೋಗ ಹತ್ತಿತೆಂದರೆ ತಿಂಗಳ ದುಡಿಮೆ ಕಣ್ಣೆದುರಿಗೇ ಕೊಳೆತು ನಾರುತ್ತದೆ, ಆದ್ದರಿಂದ ಇದನ್ನೆಲ್ಲ ಯಾರೂ ಹಗುರವಾಗಿ ನೋಡುವುದಿಲ್ಲ. ಮುನಿಗಂಗಮ್ಮ ಇದಕ್ಕೆ ತನ್ನದೂ ಒಂದಷ್ಟು ಸೇರಿಸಿದ್ದಳು. ಒಗ್ಗರಣೆ ವಾಸನೆ ಹೊತ್ತು ಬಂದವರಿಗೆ ಪ್ರವೇಶವಿಲ್ಲ, ಹೂ ಮುಡಿದು ಬಂದವರಿಗೆ ಇಲ್ಲ, ಬೀಗರಿಗಂತೂ ಇಲ್ಲವೇ ಇಲ್ಲ. ಸ್ವಂತ ತಮ್ಮ ಕೋನಪ್ಪ ಒಮ್ಮೆ ಬೀಡಿ ಸೇದಿದ ಬಾಯಲ್ಲಿ ಬಾಗಿಲು ಇಣುಕಿದ್ದಕ್ಕೆ ಹಿಪ್ಪುನೇರಳೆ ಕಡ್ಡಿ ಹಿಡಿದು ಬಸ್‌ಸ್ಟಾಪಿನ ತನಕ ಅಟ್ಟಿಸಿಕೊಂಡು ಹೋಗಿದ್ದಳು.

ಅಂಬಾಜಿದುರ್ಗದ ಬುಡದ ಹಳ್ಳಿಯೊಂದರಿಂದ ಆಕೆ ಸೊಸೆಯಾಗಿ ಬಂದಾಗ ಈ ಮನೆಯವರು ನಡುಮನೆಯಲ್ಲೇ ಬಿದಿರು ತಟ್ಟೆಗಳಲ್ಲಿ ಹುಳು ಸಾಕುತ್ತಿದ್ದರು. ಹುಳುವಿನ ಪಕ್ಕದಲ್ಲೇ ಚಾಪೆ ಹಾಸಿ ಮಲಗಿ ಆಕೆ ಅದರ ಹಸಿವು, ಅದರ ನಿದ್ದೆ, ಅದರ ಮುನಿಸು ಎಲ್ಲವನ್ನೂ ಕಲಿತಳು. ಗಂಡ ಆವಲಪ್ಪ ಮೆತ್ತನೆಯ ಮನುಷ್ಯ, ಇರುವಷ್ಟು ದಿನ ಹೆಂಡತಿಯ ಮಾತಿಗೆ ತಲೆಯಾಡಿಸಿಕೊಂಡೇ ಇದ್ದು ಹೋದ. ಆಮೇಲೆ ಸೊಪ್ಪಿನ ತೋಟ ಮಗ ವೇಣುಗೋಪಾಲನ ಪಾಲಿಗೆ ಬಂತು. ಮನೆಯ ಹಿಂದೆ ಹೊಸದಾಗಿ ಕಟ್ಟಿದ ಹುಳುಮನೆ ಮುನಿಗಂಗಮ್ಮನ ಕೈಯಲ್ಲೇ ಉಳಿಯಿತು. ಸೊಸೆ ಕವಿತ ಊರಿನ ಹಾಲಿನ ಡೇರಿಯಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಸಂಜೆ ಅವಳಿಗೆ ಪುರುಸೊತ್ತಿಲ್ಲ, ಪುರುಸೊತ್ತಾದಾಗ ಅತ್ತೆಯ ಮಾತಿನ ನಡುವೆ ಅವಳಿಗೆ ಜಾಗ ಸಿಗುವುದಿಲ್ಲ. ಮುನಿಗಂಗಮ್ಮ ಕೆಟ್ಟವಳಲ್ಲ. ಮನೆಗೆ ಬಂದವರು ಉಣ್ಣದೆ ಹೋದರೆ ಅವಳಿಗೆ ಅನ್ನ ಇಳಿಯುವುದಿಲ್ಲ. ಬಾಯಿ ಮಾತ್ರ ಎಂದೂ ರಜೆ ತೆಗೆದುಕೊಂಡದ್ದಿಲ್ಲ.

ಅಂಥ ಹುಳುಮನೆಗೆ ಲೈಸೆನ್ಸ್ ಇಲ್ಲದೆ ಹೋಗಬಲ್ಲವಳು ಮೊಮ್ಮಗಳು ಪದ್ಮಶ್ರೀ ಒಬ್ಬಳೇ. ಎಂಟನೇ ಕ್ಲಾಸಿನಲ್ಲಿದ್ದಾಗಿನಿಂದ ಸ್ಕೂಲು ಮುಗಿಸಿ ಬಂದು ಅಜ್ಜಿಯ ಜೊತೆ ಸೊಪ್ಪು ಹಾಕುತ್ತಿದ್ದಳು. ಮಾತು ಕಮ್ಮಿ, ಓದಿನಲ್ಲಿ ಮುಂದು, ಶುಚಿಯಲ್ಲಂತೂ ಅಜ್ಜಿಗಿಂತ ಒಂದು ಕೈ ಮೇಲು. ಮೊಣಕೈ ತನಕ ತೊಳೆಯುತ್ತಿದ್ದಳು. ತೊಳೆದು ಬಾಗಿಲ ತನಕ ಬಂದವಳು ಏನೋ ನೆನಪಾದಂತೆ ವಾಪಸ್ಸು ಹೋಗಿ ಇನ್ನೊಮ್ಮೆ ತೊಳೆಯುತ್ತಿದ್ದಳು. ಮುನಿಗಂಗಮ್ಮನಿಗೆ ಹಿಗ್ಗೋ ಹಿಗ್ಗು. ಬೀದಿಯ ಹೆಂಗಸರನ್ನು ಕರೆದು ತೋರಿಸಿದ್ದೇ ತೋರಿಸಿದ್ದು.

"ನೋಡ್ರೇ, ಕಣ್ಬಿಟ್ಟು ನೋಡಿ ಕಲ್ತ್ಕಳಿ. ಇವ್ಳು ಕೈಯಿಟ್ರೆ ನಮ್ಮನೇಗೆ ರೋಗ ಅನ್ನೋದು ಕಾಲಿಡಲ್ಲ!"

ದಿನ ಹೋದಂತೆ ಪದ್ಮಶ್ರೀ ಬೋಗುಣಿಯ ಮುಂದೆ ನಿಲ್ಲುವ ಹೊತ್ತು ಉದ್ದವಾಯಿತು. ನೀರಿಗೆ ಬ್ಲೀಚಿಂಗ್ ಪುಡಿ ಜಾಸ್ತಿಯಾಯಿತು. ತೊಳೆದಾದ ಮೇಲೆ ಎರಡೂ ಕೈ ಮುಂದೆ ಚಾಚಿ ಕೇಳುತ್ತಿದ್ದಳು: "ಅಜ್ಜಿ, ಸರಿಯಾಗ್ ತೊಳ್ದಿದೀನಾ?"

"ಇನ್ನೊಂದ್ಸಲ ತೊಳ್ಕೊಂಬಿಡಮ್ಮ, ಗಂಟೇನ್ ಹೋಗುತ್ತೆ," ಎನ್ನುತ್ತಿದ್ದಳು ಅಜ್ಜಿ. ಎಷ್ಟು ಸಲ ಕೇಳಿದರೂ ಅಷ್ಟೂ ಸಲ ಹಾಗೇ ಅನ್ನುತ್ತಿದ್ದಳು. ಬೆಂಕಿಗೆ ಸೌದೆ ಹಾಕುತ್ತಿದ್ದೇನೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು.

ಮೊದಲು ಕಂಡದ್ದು ಕವಿತಳಿಗೆ. ಮಗಳ ಬೆರಳ ಸಂದಿಯಲ್ಲಿ ಚರ್ಮ ಬಿರಿದು ರಕ್ತ ಜಿನುಗುತ್ತಿತ್ತು. "ಅತ್ತೆ, ಇವ್ಳ ಕೈ ನೋಡಿ ಒಂಚೂರು. ಇದು ಸರಿಯಿಲ್ಲ ಅನ್ಸುತ್ತೆ," ಎಂದಳು.

"ಕೆಲ್ಸ ಮಾಡೋ ಕೈ ಕಣೇ ಅದು. ನಿನ್ ಥರ ಪೆನ್ನು ಹಿಡ್ಯೋ ಕೈಯಲ್ಲ. ಕೊಬ್ರಿ ಎಣ್ಣೆ ಹಚ್ಚು, ಹೋಗುತ್ತೆ," ಎಂದು ಮುನಿಗಂಗಮ್ಮ ತೀರ್ಪು ಕೊಟ್ಟಳು. ಕವಿತ ಬಾಯಿ ಮುಚ್ಚಿಕೊಂಡು ಎಣ್ಣೆ ಹಚ್ಚಿದಳು. ಪದ್ಮಶ್ರೀ ಹೋಗಿ ಎಣ್ಣೆಯನ್ನೂ ತೊಳೆದುಕೊಂಡಳು.

ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅದು ಪುಸ್ತಕಕ್ಕೂ ಹಬ್ಬಿತ್ತು. ಒಂದು ಸಾಲು ಬರೆದು ಅಳಿಸುವುದು, ಮತ್ತೆ ಬರೆಯುವುದು, ಅಕ್ಷರ ಸರಿಯಾಗಿದೆಯೋ ಇಲ್ಲವೋ ಎಂದು ಮತ್ತೆ ಅಳಿಸುವುದು. ಹೈಸ್ಕೂಲಿನ ವಿಜ್ಞಾನದ ಟೀಚರ್ ರಾಧಾಮಣಿ, ಚಿಂತಾಮಣಿಯಿಂದ ದಿನಾ ಬಸ್ಸಿನಲ್ಲಿ ಬರುವವರು, ಒಳ್ಳೆಯ ಹುಡುಗಿ ಸೋಮಾರಿಯಾಗುತ್ತಿದ್ದಾಳೆ ಎಂದುಕೊಂಡರು. ಕ್ಲಾಸಿಗೆ ತಡವಾಗಿ ಬಂದದ್ದಕ್ಕೆ ಆಚೆ ನಿಲ್ಲಿಸಿದರು. ನೋಟ್ಸು ಮುಗಿಸದೇ ಇದ್ದದ್ದಕ್ಕೆ ಇಡೀ ಪಾಠವನ್ನು ಇನ್ನೊಂದು ಸಲ ಬರೆದುಕೊಂಡು ಬಾ ಎಂದರು. ಬರೆದದ್ದನ್ನೇ ಬರೆಯುವ ಕಷ್ಟದಲ್ಲಿ ಮುಳುಗಿದ್ದ ಹುಡುಗಿಗೆ ಅದಕ್ಕಿಂತ ಕೆಟ್ಟ ಶಿಕ್ಷೆ ಯಾರೂ ಯೋಚಿಸಿ ಕೊಡಲಾರರು. ರಾಧಾಮಣಿಯವರು ಯೋಚಿಸಿ ಕೊಟ್ಟದ್ದಲ್ಲ, ಎಲ್ಲರಿಗೂ ಕೊಡುವುದನ್ನೇ ಕೊಟ್ಟದ್ದು.

ದಸರಾ ರಜ ಮುಗಿದ ಮೇಲೆ ಪದ್ಮಶ್ರೀ ಸ್ಕೂಲಿಗೆ ಹೋಗಲಿಲ್ಲ. ಬಸ್ಸಿನ ಕಂಬಿ ಹಿಡಿಯಲಾರೆ, ಬೆಂಚಿನ ಮೇಲೆ ಕೂರಲಾರೆ ಎಂದಳು. ವೇಣುಗೋಪಾಲ ಬೈದ, ಆಮೇಲೆ ಬೇಡಿಕೊಂಡ, ಆಮೇಲೆ ತೋಟಕ್ಕೆ ಹೋಗಿ ಒಬ್ಬನೇ ಕೂತ. ನಿಜ ಹೇಳಬೇಕೆಂದರೆ ಮುನಿಗಂಗಮ್ಮನಿಗೆ ಒಳಗೊಳಗೇ ಖುಷಿಯೇ ಆಗಿತ್ತು. "ಓದಿ ಯಾವ ದರ್ಬಾರು ಮಾಡ್ಬೇಕು? ಹುಳುಮನೇಗೆ ಅಂತ್ಲೇ ಹೇಳಿ ಮಾಡ್ಸಿದ ಕೈ ಅದು. ಇರ್ಲಿ ಬಿಡು ಮನೇಲಿ," ಎಂದುಬಿಟ್ಟಳು. ಹೀಗೆ ನೂರಕ್ಕೆ ತೊಂಬತ್ತು ತೆಗೆಯುತ್ತಿದ್ದ ಹುಡುಗಿಯ ಓದು, ಯಾರೂ ಬಿಡಿಸಬೇಕೆಂದು ಬಿಡಿಸದೆ, ತಾನಾಗಿ ಬಿಟ್ಟುಹೋಗುವ ಹಾಗಾಯಿತು.

ಒಂದು ಮಧ್ಯಾಹ್ನ ರಾಧಾಮಣಿ ಮನೆಗೇ ಬಂದರು. ಅಂಗಳದ ಕಲ್ಲುಬೆಂಚಿನ ಮೇಲೆ ಕೂರಿಸಿ ಮುನಿಗಂಗಮ್ಮ ಮಜ್ಜಿಗೆ ಕೊಟ್ಟಳು. ಟೀಚರು ಸುತ್ತಿ ಬಳಸಿ ಮಾತಾಡುವವರಲ್ಲ.

"ಅಮ್ಮ, ಚಿಕ್ಕಬಳ್ಳಾಪುರದಲ್ಲಿ ನಮ್ಗೊಂದು ಟ್ರೈನಿಂಗ್ ಇತ್ತು. ಮನಸ್ಸಿನ ಡಾಕ್ಟ್ರು ಬಂದು ಮಕ್ಕಳ ಕಾಯಿಲೆ ಬಗ್ಗೆ ಹೇಳಿದ್ರು. ಅವ್ರು ಹೇಳ್ತಿದ್ರೆ ನಂಗೆ ಪದ್ಮಶ್ರೀನೇ ಕಣ್ಮುಂದೆ ಬಂದ್ಳು. ಬೇಕು ಅಂತ ತೊಳ್ಯೋದಲ್ಲಮ್ಮ ಅದು. ತಡೆಯಕ್ಕಾಗಲ್ಲ ಅವ್ಳಿಗೆ. ನಾನೂ ತಿಳೀದೆ ಶಿಕ್ಷೆ ಕೊಟ್ಟೆ."

ಮುನಿಗಂಗಮ್ಮನ ಪಿತ್ತ ನೆತ್ತಿಗೇರಿತು. "ಕೈ ತೊಳ್ಯೋದು ಒಂದು ಕಾಯ್ಲೆನಾ ಮೇಡಂ? ತೊಳೀದೆ ಇರೋರ್ನ ಬಿಟ್ಟು ತೊಳ್ಯೋರ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕಾ? ನಮ್ ಹುಡ್ಗಿಗೆ ತಲೆ ಕೆಟ್ಟಿದೆ ಅಂತ ಊರೆಲ್ಲ ಸಾರ್ಬಿಟ್ರೆ ನಾಳೆ ಅವ್ಳ ಗತಿಯೇನು? ಮಜ್ಗೆ ಕುಡೀರಿ, ಬಸ್ಸು ಬರೋ ಹೊತ್ತಾಯ್ತು."

ರಾಧಾಮಣಿ ಮಜ್ಜಿಗೆ ಕುಡಿದು ಎದ್ದರು. ಹೋಗುವಾಗ ಬಾಗಿಲಲ್ಲಿದ್ದ ಕವಿತಳ ಕೈಗೆ ತಮ್ಮ ಫೋನ್ ನಂಬರು ಕೊಟ್ಟು ಹೋದರು.

ದೀಪಾವಳಿಗೆ ಮುಂಚೆ ಆ ಸಲದ ಹುಳು ಬೆಳೆಯ ರೇಷ್ಮೆಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಯಿತು. ಹುಳುಮನೆ ಗುಡಿಸಿ, ತೊಳೆದು, ಔಷಧಿ ಹೊಡೆದು ಬೀಗ ಹಾಕಿದರು. ಹೊಸ ಹುಳು ತರುವವರೆಗೆ ಮುನಿಗಂಗಮ್ಮನಿಗೆ ಬಿಡುವು. ಹಿತ್ತಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದವಳಿಗೆ ನೀರಿನ ಸದ್ದು ಕೇಳಿತು. ಎದ್ದು ಹೋಗಿ ನೋಡಿದರೆ ಪದ್ಮಶ್ರೀ ಬೀಗ ಹಾಕಿದ ಹುಳುಮನೆಯ ಮುಂದಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಳೆ. ಮುಖ ಬಿಳಿಚಿಕೊಂಡಿದೆ, ತುಟಿ ಕಚ್ಚಿ ಹಿಡಿದಿದ್ದಾಳೆ, ಉಜ್ಜುತ್ತಲೇ ಇದ್ದಾಳೆ.

"ಹುಳ ಇಲ್ಲ, ಸೊಪ್ಪಿಲ್ಲ, ಮನೆ ಖಾಲಿ ಬಿದ್ದಿದೆ. ಯಾರಿಗೋಸ್ಕರ ತೊಳೀತಿದೀಯಮ್ಮ?" ಎಂದಳು ಮುನಿಗಂಗಮ್ಮ. ತನ್ನ ಬಾಯಿಂದ ಬಂದ ಮಾತು ಕೇಳಿ ತನಗೇ ಎದೆ ಧಸಕ್ಕೆಂದಿತು.

ಪದ್ಮಶ್ರೀ ಅಳುವುದಕ್ಕೆ ಶುರುಮಾಡಿದಳು. ಆದರೂ ಕೈ ನಲ್ಲಿಯಿಂದ ತೆಗೆಯಲಿಲ್ಲ. "ಸಾಕು ಅಂತ ನಂಗೂ ಗೊತ್ತಜ್ಜಿ. ನಿಲ್ಸಕ್ಕೆ ಆಗ್ತಿಲ್ಲ. ಸರಿಯಾಗ್ ತೊಳೀದಿದ್ರೆ ಹುಳ ಸಾಯುತ್ತೆ ಅನ್ಸೋದು ಮೊದ್ಲು. ಈಗ ನೀನು ಸಾಯ್ತೀಯ ಅನ್ಸುತ್ತೆ, ಅಮ್ಮ ಸಾಯ್ತಾಳೆ ಅನ್ಸುತ್ತೆ. ಒಳಗಡೆಯಿಂದ ಯಾರೋ ಹೇಳ್ತಾನೇ ಇರ್ತಾರೆ."

ಮುನಿಗಂಗಮ್ಮ ನಲ್ಲಿ ನಿಲ್ಲಿಸಿ ಮೊಮ್ಮಗಳ ಕೈಗಳನ್ನು ಸೆರಗಿನಲ್ಲಿ ಹಿಡಿದುಕೊಂಡಳು. ಮೊದಲ ಸಲ ಆ ಕೈಯನ್ನು ಹುಳುಮನೆಯ ಕೈ ಎಂದಲ್ಲದೆ ಮಗುವಿನ ಕೈ ಎಂದು ನೋಡಿದಳು. ಬೆರಳುಗಳು ಮಡಿಸಲೂ ಆಗದಷ್ಟು ಬಿರಿದಿದ್ದವು. ಇಷ್ಟು ದಿನ ಇದನ್ನೇ ಬೀದಿಗೆ ತೋರಿಸಿ ಮೆರೆದೆನಲ್ಲ ಎಂದುಕೊಂಡಳು.

ಒಳಗಡೆಯಿಂದ ಯಾರೋ ಹೇಳುತ್ತಾರೆ ಎಂದ ಮಾತು ಕೇಳಿ ಕೋನಪ್ಪ ಇದು ಗಾಳಿ ಸೋಕಿದ್ದೇ ಎಂದು ಒಂದು ತಾಯಿತ ತಂದು ಕಟ್ಟಿಸಿದ. ಪದ್ಮಶ್ರೀ ತಾಯಿತವನ್ನೂ ಬಿಚ್ಚಿ ಸೋಪು ಹಾಕಿ ತೊಳೆದಳು. ಆ ಸಂಕಟದಲ್ಲೂ ವೇಣುಗೋಪಾಲನಿಗೆ ನಗು ಬಂತು. ಮುನಿಗಂಗಮ್ಮ ಸೊಸೆಯನ್ನು ಕರೆದು, "ಆ ಮೇಡಂಗೆ ಫೋನ್ ಮಾಡು," ಎಂದಳು. ಕವಿತ ಆಗಲೇ ಮಾಡಿ ಮುಗಿಸಿದ್ದಳು. ಹತ್ತು ದಿನದಿಂದ ದಿನಾ ಮಾಡುತ್ತಿದ್ದಳು.

ಊರಿಗೆಲ್ಲ ಚರ್ಮದ ಡಾಕ್ಟರಿಗೆ ತೋರಿಸುವುದಕ್ಕೆ ಹೋಗುತ್ತಿದ್ದೇವೆ ಎಂದು ಹೇಳಿ ಅಜ್ಜಿ, ಸೊಸೆ, ಮೊಮ್ಮಗಳು ಮೂವರೂ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗೆ ಹೋದರು. ಮನೋವೈದ್ಯರ ಕೋಣೆಯ ಮುಂದೆ ಬೆಂಚಿನ ತುಂಬ ಜನ. ತಲೆಯ ಮೇಲೆ ಸೆರಗು ಎಳೆದುಕೊಂಡು ಮೂಲೆಯಲ್ಲಿ ಕೂತ ಮುನಿಗಂಗಮ್ಮನ ಪಕ್ಕದಲ್ಲಿ ಇನ್ನೊಂದು ಸೆರಗು ಎಳೆದುಕೊಂಡ ಹೆಂಗಸು ಕೂತಿದ್ದಳು. ಸೆರಗು ಸರಿದಾಗ ನೋಡಿದರೆ ತಮ್ಮದೇ ಹಿಂದಿನ ಬೀದಿಯ ಶ್ಯಾಮಲಮ್ಮ, ಪಕ್ಕದಲ್ಲಿ ಕಾಲೇಜಿಗೆ ಹೋಗುವ ಅವಳ ಮಗ ತಲೆ ತಗ್ಗಿಸಿಕೊಂಡು ಕೂತಿದ್ದಾನೆ.

"ಶುಗರ್‌ಗೆ ತೋರ್ಸಕ್ಕೆ ಬಂದೆ ಅಕ್ಕಾ," ಎಂದಳು ಶ್ಯಾಮಲಮ್ಮ ಗಾಬರಿಯಲ್ಲಿ.

"ನಾವೂ ಚರ್ಮಕ್ಕೆ," ಎಂದಳು ಮುನಿಗಂಗಮ್ಮ.

ತಲೆಯ ಮೇಲೆ ದಪ್ಪ ಅಕ್ಷರದ ಬೋರ್ಡು ನೇತಾಡುತ್ತಿತ್ತು. ಇಬ್ಬರೂ ಅದನ್ನು ನೋಡಲಿಲ್ಲ.

ಡಾಕ್ಟರ್ ಮುರಳಿಮೋಹನ್ ಅವಸರದ ಮನುಷ್ಯರಲ್ಲ. ಮೊದಲು ಪದ್ಮಶ್ರೀಯ ಜೊತೆ ಒಬ್ಬರೇ ಮಾತಾಡಿದರು. ಆಮೇಲೆ ಎಲ್ಲರನ್ನೂ ಒಳಗೆ ಕರೆದರು. ಇದಕ್ಕೆ ಗೀಳು ಕಾಯಿಲೆ ಎನ್ನುತ್ತಾರೆ, ಹುಚ್ಚಲ್ಲ, ದೆವ್ವವಲ್ಲ, ಹಟವಲ್ಲ ಎಂದರು. "ನಿಮ್ಮ ಬೋರ್‌ವೆಲ್ ಮೋಟರು ತೊಟ್ಟಿ ತುಂಬಿದ್ಮೇಲೆ ಆಫ್ ಆಗ್ಬೇಕಲ್ವಾ? ಆ ಸ್ವಿಚ್ಚು ಕೈಕೊಟ್ರೆ ಏನಾಗುತ್ತೆ? ತುಂಬಿ ಚೆಲ್ತಿದ್ರೂ ಓಡ್ತಾನೇ ಇರುತ್ತೆ. ಹಂಗೇ ಇದು. ಸಾಕು ಅನ್ನೋ ಸುದ್ದಿ ಅವ್ಳಿಗೆ ಒಳಗೆ ತಲುಪ್ತಿಲ್ಲ. ಮಾತ್ರೆ ಇದೆ, ಅಭ್ಯಾಸ ಇದೆ. ನಿಧಾನಕ್ಕೆ ಕಮ್ಮಿ ಆಗುತ್ತೆ."

ಮುನಿಗಂಗಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ನನ್ನಿಂದ ಬಂತಾ ಸಾಮಿ ಇದು? ನಾನು ತೊಳಿ ತೊಳಿ ಅಂತಿದ್ನಲ್ಲ, ಅದ್ರಿಂದ ಬಂತಾ?"

"ಇಲ್ಲಮ್ಮ. ಹುಳ ಸಾಕದ ಮನೆ ಮಕ್ಕಳಿಗೂ ಬರುತ್ತೆ, ಪೇಟೆ ಮಕ್ಕಳಿಗೂ ಬರುತ್ತೆ. ಯಾರೂ ತಂದು ಹಾಕಿದ್ದಲ್ಲ. ನಿಮ್ಮನೇಲಿ ಅದಕ್ಕೆ ಬಚ್ಚಿಟ್ಕೊಳ್ಳೋಕೆ ಒಳ್ಳೆ ಜಾಗ ಸಿಕ್ತು, ಅಷ್ಟೇ."

ಆಸ್ಪತ್ರೆಯ ಕುರ್ಚಿಯಲ್ಲೇ ಮುನಿಗಂಗಮ್ಮ ಗಟ್ಟಿಯಾಗಿ ಅತ್ತುಬಿಟ್ಟಳು. ದುಃಖಕ್ಕಲ್ಲ, ಎದೆಯ ಮೇಲಿನ ಕಲ್ಲು ಇಳಿದ ನಿರಾಳಕ್ಕೆ. ಕಾಯಿಲೆಗೆ ಒಂದು ಹೆಸರಿದೆ, ಆ ಹೆಸರಿಗೆ ಮಾತ್ರೆಯಿದೆ, ಆ ಹೆಸರು ಮುನಿಗಂಗಮ್ಮ ಎಂದಲ್ಲ.

ಆದರೆ ಡಾಕ್ಟರು ಅವಳಿಗೂ ಒಂದು ಔಷಧಿ ಬರೆದರು. "ಸರಿಯಾಗ್ ತೊಳ್ದಿದೀನಾ ಅಂತ ಅವ್ಳು ಕೇಳ್ತಾಳಲ್ಲ, ಅದಕ್ಕೆ ನೀವು ಉತ್ತರ ಕೊಡ್ಬಾರ್ದು. ಹೂಂ ಅನ್ನೋ ಹಂಗಿಲ್ಲ, ಊಹೂಂ ಅನ್ನೋ ಹಂಗಿಲ್ಲ. ನೀವು ಹೂಂ ಅಂದ್ರೆ ಒಂದ್ ಗಳಿಗೆ ಸಮಾಧಾನ, ಆಮೇಲೆ ಮತ್ತೆ ಕೇಳ್ಬೇಕು ಅನ್ಸುತ್ತೆ. ಅನುಮಾನ ಇಟ್ಕೊಂಡೇ ಮುಂದೆ ಹೋಗೋದನ್ನ ಅವ್ಳು ಕಲೀಬೇಕು. ಪದ್ಮಶ್ರೀಗೂ ಹೇಳಿದೀನಿ, ಒಪ್ಕೊಂಡಿದಾಳೆ."

ಕವಿತ ಅತ್ತೆಯ ಮುಖ ನೋಡಿದಳು. ಪದ್ಮಶ್ರೀಗೆ ಮಾತ್ರೆ ನುಂಗುವುದು ಸುಲಭ. ಮುನಿಗಂಗಮ್ಮನಿಗೆ ಮಾತು ನುಂಗುವುದು ಹೇಗೆ ಎಂಬ ಚಿಂತೆ ಅವಳದು.

ಮೊದಲ ವಾರಗಳು ನರಕವೇ. ಪದ್ಮಶ್ರೀ ಕೇಳುವಳು, ಅಜ್ಜಿ ಸುಮ್ಮನಿರುವಳು. ಪದ್ಮಶ್ರೀ ಅಳುವಳು, ಕಿರುಚುವಳು, "ಒಂದ್ಸಲ ಹೇಳಜ್ಜಿ, ಒಂದೇ ಒಂದ್ಸಲ," ಎಂದು ಕಾಲು ಹಿಡಿಯುವಳು. ಮುನಿಗಂಗಮ್ಮ ಸೆರಗು ಬಾಯಿಗೆ ತುರುಕಿಕೊಂಡು ಕೊಟ್ಟಿಗೆಗೆ ಓಡಿಹೋಗುವಳು. ಮನೆಯವರ ಮೇಲೆ ಸುರಿಯಬೇಕಾದ ಮಾತೆಲ್ಲ ಎಮ್ಮೆಯ ಪಾಲಾಯಿತು. ಅದು ಆ ತಿಂಗಳು ಕೇಳಿಸಿಕೊಂಡಷ್ಟನ್ನು ಜನ್ಮದಲ್ಲಿ ಕೇಳಿಸಿಕೊಂಡಿರಲಿಕ್ಕಿಲ್ಲ. ಒಂದೆರಡು ಸಲ ತಡೆಯಲಾರದೆ ಹೂಂ ಎಂದೂ ಬಿಟ್ಟಳು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ತಾನೇ ಡಾಕ್ಟರಿಗೆ ಹೇಳಿ ಬೈಸಿಕೊಳ್ಳಲು ಸಿದ್ಧಳಾಗಿ ಕೂತಳು. ಡಾಕ್ಟರು ಬೈಯಲಿಲ್ಲ, ಮುಂದುವರಿಸಿ ಎಂದರು.

ಸ್ಕೂಲಿನಲ್ಲಿ ರಾಧಾಮಣಿ ಬೇರೆ ಟೀಚರುಗಳನ್ನು ಕೂರಿಸಿಕೊಂಡು ವಿಷಯ ತಿಳಿಸಿದರು. ಪದ್ಮಶ್ರೀ ಮೊದಲು ಅರ್ಧ ದಿನ ಬಂದರೆ ಸಾಕು, ಬರೆದದ್ದನ್ನು ಅಳಿಸದೆ ಹಾಗೇ ಕೊಟ್ಟರೆ ತಪ್ಪಿದ್ದರೂ ಬೈಯುವ ಹಾಗಿಲ್ಲ ಎಂದು ಒಪ್ಪಿಸಿದರು. ಮೊದಲ ಸಲ ಒಡ್ಡೊಡ್ಡಾಗಿ, ಕಾಟು ಹೊಡೆದು ಬರೆದ ಉತ್ತರವನ್ನು ಪದ್ಮಶ್ರೀ ಅಳಿಸದೆ ತಂದುಕೊಟ್ಟಾಗ ರಾಧಾಮಣಿಗೆ ಆದ ಸಂತೋಷ ನೂರಕ್ಕೆ ನೂರು ಬಂದಾಗಲೂ ಆಗಿರಲಿಲ್ಲ.

ಸಂಕ್ರಾಂತಿಗೆ ಮುಂಚೆ ಸ್ಕೂಲಿನಲ್ಲಿ ಪೋಷಕರ ಸಭೆಯಾಯಿತು. ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಹೇಳುವುದಕ್ಕೆ ಮುರಳಿಮೋಹನ್ ಅವರೇ ಬಂದಿದ್ದರು. ಮುನಿಗಂಗಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದಳು, ಚರ್ಮದ ಕತೆಗೇ ಅಂಟಿಕೊಳ್ಳಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡು. ಡಾಕ್ಟರ ಮಾತು ಮುಗಿಯಿತು. ಊರಿನಲ್ಲಿ ಗೊಬ್ಬರ, ಔಷಧಿ ಅಂಗಡಿ ಇಟ್ಟಿರುವ ಮೋಹನ್‌ಬಾಬು ಎದ್ದು ನಿಂತ.

"ನಮ್ ಕಾಲ್ದಲ್ಲಿ ಇವೆಲ್ಲ ಎಲ್ಲಿದ್ವು ಸಾರ್? ನಾಲ್ಕು ಬಿಟ್ರೆ ಎಲ್ಲಾ ಸರಿಹೋಗ್ತಿತ್ತು. ಈಗಿನ ಮಕ್ಕಳ್ದು ಬರೀ ನಾಟ್ಕ."

ಒಂದಿಬ್ಬರು ನಕ್ಕರು. ಮುನಿಗಂಗಮ್ಮನ ಗಟ್ಟಿ ಮನಸ್ಸು ಅಲ್ಲಿಗೇ ಮುಗಿಯಿತು.

"ಏಯ್ ಮೋಹನ್‌ಬಾಬು! ಹುಳ ಸಾಯ್ತಿದೆ ಅಂತ ನಿನ್ ಅಂಗ್ಡಿಗೆ ಬಂದ್ರೆ ಯಾವ ರೋಗ ಅಂತ ಕೇಳ್ದೆ ಔಷಧಿ ಕೊಡ್ತೀಯೇನೋ? ಹಾಲುತೊಂಡೆಗೂ ಸುಣ್ಣಕಟ್ಟಿಗೂ ಒಂದೇ ಪುಡಿನಾ? ಹುಳಕ್ಕೆ ಕೊಡೋ ಮರ್ಯಾದೆ ಮಕ್ಕಳಿಗೆ ಕೊಡಕ್ಕಾಗಲ್ವಾ?" ಎಂದು ಎದ್ದು ನಿಂತಳು. ನಿಂತ ಮೇಲೆ ಕೂರಲು ಅವಳಿಗೆ ಬರಲಿಲ್ಲ. "ನಮ್ ಪದ್ಮಮ್ಮಂಗೆ ಗೀಳು ಕಾಯ್ಲೆ. ಚರ್ಮದ್ದಲ್ಲ, ನಾನು ಸುಳ್ಳು ಹೇಳಿದ್ದು. ಮಕ್ಕಳು ಬೈಸ್ಕೊಳ್ಳೋ ಕೆಲ್ಸ ಮಾಡಿದ್ರೆ ಎಲ್ರಿಗೂ ಕಾಣುತ್ತೆ. ನನ್ ಕೂಸು ನಾನು ಹೊಗಳೋ ಕೆಲ್ಸದೊಳ್ಗೇ ಕೂತು ನರಳ್ತಿತ್ತು, ನನ್ ಕಣ್ಣಿಗೆ ಕಾಣ್ಲಿಲ್ಲ. ಬೀದಿಗೆಲ್ಲ ತೋರ್ಸಿ ಮೆರೆದೆ."

ಹಿಂದಿನ ಸಾಲಿನಿಂದ, ಕಿರಿಮಗಳಿಗಾಗಿ ಸಭೆಗೆ ಬಂದಿದ್ದ ಶ್ಯಾಮಲಮ್ಮನ ಸಣ್ಣ ದನಿ ಕೇಳಿಸಿತು: "ನಂದೂ ಶುಗರ್ ಅಲ್ಲ."

ಮನೆಗೆ ಬಂದ ಮೇಲೆ ಪದ್ಮಶ್ರೀ ಅಜ್ಜಿಯ ಮೇಲೆ ಹರಿಹಾಯ್ದಳು. "ನನ್ ವಿಷ್ಯ ಹೇಳಕ್ಕೆ ನೀನ್ಯಾರು? ನನ್ನ ಕೇಳಿದ್ಯಾ?" ಎಂದು ಕೇಳಿ ಮಾತು ಬಿಟ್ಟಳು. ಅವಳ ಸಿಟ್ಟಿನಲ್ಲಿ ನ್ಯಾಯವಿತ್ತು. ಮುನಿಗಂಗಮ್ಮ ಮರುಮಾತಾಡದೆ, "ತಪ್ಪಾಯ್ತಮ್ಮ, ನಿನ್ನ ಕೇಳ್ಬೇಕಿತ್ತು," ಎಂದಳು. ಮಗನಿಗೂ ಸೊಸೆಗೂ ಕಿವಿಯನ್ನೇ ನಂಬಲಾಗಲಿಲ್ಲ. ಎರಡು ದಿನದ ನಂತರ ಪದ್ಮಶ್ರೀ ಸ್ಕೂಲಿಂದ ಬಂದು ಬ್ಯಾಗು ಇಳಿಸುತ್ತ, ತಾನಾಗಿಯೇ ಹೇಳಿದಳು. ಕ್ಲಾಸಿನ ಇಬ್ಬರು ಹುಡುಗಿಯರು ಬೇರೆ ಬೇರೆಯಾಗಿ ಬಂದು, ಆ ಡಾಕ್ಟರು ಎಲ್ಲಿ ಕೂರುತ್ತಾರೆ ಎಂದು ಕೇಳಿದರಂತೆ. "ಹೇಳ್ದೆ," ಎಂದಳು. ಅವಳ ಮುಖದಲ್ಲಿ ಬಹಳ ದಿನದಿಂದ ಕಾಣದ ಒಂದು ದೊಡ್ಡಸ್ತಿಕೆ ಇತ್ತು.

ಹಂತ ಹಂತವಾಗಿ ಮಾಡಬೇಕೆಂದು ಡಾಕ್ಟರು ಹೇಳಿದ್ದರಲ್ಲಿ ಹುಳುಮನೆಯೊಂದು ಮಾತ್ರ ಬಾಕಿ ಉಳಿದಿತ್ತು. ಅದೇ ಎಲ್ಲಕ್ಕಿಂತ ಕಷ್ಟದ್ದು ಎಂದು ಕೊನೆಗೆ ಇಟ್ಟಿದ್ದರು. ಮನೆಯ ನಿಯಮ ಮುರಿಯುವುದು ಬೇಡ, ಎಲ್ಲರೂ ಎಷ್ಟು ತೊಳೆಯುತ್ತಾರೋ ಅಷ್ಟೇ, ಅಂದರೆ ಒಂದೇ ಸಲ, ತೊಳೆದು ಒಳಗೆ ಹೋಗಬೇಕು. ಸಂಕ್ರಾಂತಿ ಕಳೆದ ಮೇಲಿನ ಬೆಳೆ, ಹುಳು ನಾಲ್ಕನೇ ಜ್ವರ ಎದ್ದಿತ್ತು. ಕೊನೆಯ ಸಲ ಪೊರೆ ಬಿಟ್ಟು ಎದ್ದ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಭಾನುವಾರ ಬೆಳಿಗ್ಗೆ ಪದ್ಮಶ್ರೀ ಬೋಗುಣಿಯಲ್ಲಿ ಒಮ್ಮೆ ಕೈ ತೊಳೆದು, ಒರೆಸಿಕೊಂಡು, ಸುಣ್ಣದ ಪುಡಿ ತುಳಿದು ಒಳಗೆ ಬಂದಳು. ಮುನಿಗಂಗಮ್ಮ ಬೆನ್ನು ತಿರುಗಿಸಿಕೊಂಡು ಕಡ್ಡಿಸೊಪ್ಪು ಜೋಡಿಸುತ್ತಿದ್ದಳು. ನೋಡಿದರೆ ಏನಾದರೂ ಅಂದುಬಿಡುತ್ತೇನೆಂಬ ಭಯ.

ಸ್ವಲ್ಪ ಹೊತ್ತು ಎಲ್ಲ ಚೆನ್ನಾಗಿತ್ತು. ಆಮೇಲೆ ಪದ್ಮಶ್ರೀ ಚಿಟ್ಟನೆ ಚೀರಿದಳು. ಹುಳು ಸಾಕುವ ಸ್ಟ್ಯಾಂಡಿನ ಅಂಚಿನಲ್ಲಿ ಒಂದು ಹುಳು ಊದಿಕೊಂಡು, ಮೈಯಿಂದ ಹಾಲಿನಂತೆ ನೀರು ಸೋರಿಸುತ್ತ ಗುಂಪು ಬಿಟ್ಟು ಅಲೆಯುತ್ತಿತ್ತು.

"ಅಜ್ಜಿ, ಹಾಲುತೊಂಡೆ! ನಾನು ಇವತ್ತೇ ಒಳಗ್ ಬಂದೆ, ಇವತ್ತೇ ಬಂತು. ನನ್ನಿಂದಾನಾ ಅಜ್ಜಿ? ಹೇಳಜ್ಜಿ, ನನ್ನಿಂದಾನಾ?"

ಮುನಿಗಂಗಮ್ಮನಿಗೆ ಉತ್ತರ ಗೊತ್ತಿತ್ತು. ಇವತ್ತು ಕಾಣುವ ರೋಗ ಇವತ್ತು ಬಂದದ್ದಲ್ಲ, ಮೊದಲೇ ಒಳಗೆ ಸೇರಿದ್ದು. ಎಂಥ ಒಳ್ಳೆಯ ಬೆಳೆಯಲ್ಲೂ ನಾಲ್ಕು ಹುಳು ಹೀಗೆ ಹೋಗುತ್ತವೆ. ನಿನ್ನಿಂದಲ್ಲ ಕಣೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅದು ನಿಜವೂ ಆಗಿತ್ತು. ಸುಳ್ಳಾಗಿದ್ದರೆ ನುಂಗುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಮಗು ಕಣ್ಣೆದುರು ನಡುಗುತ್ತಿದೆ, ಒಂದು ಮಾತಿಗೆ ಅದು ಸುಮ್ಮನಾಗುತ್ತದೆ, ನಾಳೆ ಅದೇ ಮಾತಿಗೆ ಮತ್ತೆ ಕೈಚಾಚುತ್ತದೆ. ಮುನಿಗಂಗಮ್ಮ ಸ್ಟ್ಯಾಂಡಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಗೊತ್ತಿಲ್ಲ ಕಣಮ್ಮ," ಎಂದಳು. "ಅದನ್ನ ತೆಗ್ದು ಸುಣ್ಣದ ನೀರಿಗೆ ಹಾಕು. ಸೊಪ್ಪು ಹಾಕು, ಹಸ್ಕೊಂಡಿದಾವೆ."

ಪದ್ಮಶ್ರೀ ಆ ಹುಳುವನ್ನು ಬೆರಳಿನಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕಿ ಆಚೆ ಹೋದಳು. ರೋಗದ ಹುಳು ಮುಟ್ಟಿದವರು ಕೈ ತೊಳೆಯಲೇಬೇಕು, ಅದು ಮನೆಯ ನಿಯಮ. ಬೋಗುಣಿಯಲ್ಲಿ ನೀರು ಅಲುಗಿದ ಸದ್ದು ಮುನಿಗಂಗಮ್ಮನಿಗೆ ಕೇಳಿಸಿತು. ಸದ್ದು ನಿಂತಿತು. ಮತ್ತೆ ಶುರುವಾಗುತ್ತದೆ ಎಂದು ಉಸಿರು ಬಿಗಿಹಿಡಿದು ಕಾದಳು. ಬಾಗಿಲ ಬಳಿ ನೆರಳು ನಿಂತಿತ್ತು, ಆಚೆಗೂ ಹೋಗದೆ ಈಚೆಗೂ ಬಾರದೆ. ಕೊನೆಗೆ ಸುಣ್ಣದ ಪುಡಿಯ ಮೇಲೆ ಹೆಜ್ಜೆಯ ಸದ್ದಾಯಿತು. ಪದ್ಮಶ್ರೀ ಒಳಗೆ ಬಂದು ಕಡ್ಡಿಸೊಪ್ಪಿನ ಕಂತೆ ಎತ್ತಿಕೊಂಡು ಹಾಕತೊಡಗಿದಳು. ಮತ್ತೆ ಮತ್ತೆ ಬೋಗುಣಿಯ ಕಡೆ ತಿರುಗಿ ನೋಡುತ್ತಿದ್ದಳು, ಆದರೂ ಹಾಕುತ್ತಿದ್ದಳು. ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ತಿರುಗಿ ನೋಡುವುದನ್ನು ಬಿಟ್ಟಿದ್ದಳು.

"ಅಜ್ಜಿ," ಎಂದಳು ಅಲ್ಲಿಂದಲೇ. "ಗೊತ್ತಿಲ್ಲ ಅಂದ್ಯಲ್ಲ, ಸುಳ್ಳು ತಾನೇ? ನಿಂಗ್ ಗೊತ್ತು."

ಮುನಿಗಂಗಮ್ಮ ಬಾಯಿ ತೆರೆಯಲಿಲ್ಲ.

"ಹೇಳ್ಬೇಡ ಬಿಡು," ಎಂದು ಪದ್ಮಶ್ರೀ ನಕ್ಕಳು. "ನಂಗೂ ಗೊತ್ತು."

ಮುನಿಗಂಗಮ್ಮನಿಗೆ ಕಣ್ಣು ತುಂಬಿ ಎದುರಿಗಿದ್ದ ಹುಳುವೂ ಕಾಣಲಿಲ್ಲ. ಮಗು ಗೆದ್ದಿತು ಎಂದು ಕೂಗಿ ಇಡೀ ಬೀದಿಯನ್ನು ಕರೆಯಬೇಕೆನಿಸಿತು. ಕರೆಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ನಕ್ಕೊಂಡು ಸೊಪ್ಪು ಕೆಳಗ್ ಬೀಳಿಸ್ಬೇಡ, ನೋಡಿ ಹಾಕು," ಎಂದು ಮೊಮ್ಮಗಳನ್ನು ಬೈದಳು.